ಕೊನೆ ಗೊತ್ತಿರುವ ಕತೆಯ ಓದು

ಆತ್ಮೀಯ ಕೇಳುಗರೇ, ನಮಸ್ಕಾರ.

ಈಗ ನನ್ನ ಕೈಯಲ್ಲಿರುವ ಪುಸ್ತಕ ತ.ರಾ.ಸು. ಅವರ ‘ದುರ್ಗಾಸ್ತಮಾನ’. ಚಿತ್ರದುರ್ಗದ ಕೊನೆಯ ಪಾಳೆಯಗಾರ ಮದಕರಿನಾಯಕನನ್ನು ಕುರಿತ ಈ ಕಾದಂಬರಿ ಪ್ರಕಟವಾದದ್ದು 1982ರಲ್ಲಿ. 1985ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಲೇಖಕರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರು ಹುಟ್ಟಿದ ಮಲೆಬೆನ್ನೂರು ಇಂದು ದಾವಣಗೆರೆ ಜಿಲ್ಲೆಗೆ ಸೇರಿದೆ, ಮನೆತನದ ಊರು ತಳುಕು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಹಾಗಾಗಿ ಎರಡೂ ಜಿಲ್ಲೆಯವರು ಅವರನ್ನು ನಮ್ಮವರೆಂದು ಹಕ್ಕಿನಿಂದ ಹೇಳಿಕೊಳ್ಳಬಹುದು.

ಈ ಕತೆಯ ಕೊನೆ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಪುಸ್ತಕದ ಹೆಸರೇ ಅಸ್ತಮಾನವನ್ನು ಸಾರಿ ಹೇಳುತ್ತಿದೆ. ಮುಂದೇನಾದೀತೆಂಬ ಕುತೂಹಲವನ್ನು ಮೊದಲ ಪುಟದಲ್ಲಿಯೇ ಬಿಟ್ಟುಕೊಟ್ಟ ಮೇಲೂ ಓದುಗನನ್ನು ನೂರಾರು ಪುಟಗಳವರೆಗೆ ಹಿಡಿದಿಡುವುದು ಏನು ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ನಾನು ಈ ಬಾರಿ ನಿಧಾನವಾಗಿ ಓದುತ್ತಿದ್ದೇನೆ. ನನಗೆ ತೋರುವಂತೆ, ದಾಖಲೆ ಒಂದು ಸಾಲಿನಲ್ಲಿ ಮುಗಿಸಿಬಿಡುವ ಸಂಗತಿಯೊಳಗೆ ಮನುಷ್ಯರು ಎಷ್ಟು ದಿನ ಬದುಕಿದ್ದರು, ಯಾವ ಯಾವ ಗಳಿಗೆಯಲ್ಲಿ ಬೇರೊಂದು ದಾರಿ ಹಿಡಿಯಬಹುದಾಗಿತ್ತು ಎಂಬುದನ್ನು ಕಾದಂಬರಿಕಾರ ಮಾತ್ರ ಕಾಣಿಸಬಲ್ಲ.

ಪಟ್ಟದ ವಿಷಯವನ್ನೇ ನೋಡಿ. 1754ರಲ್ಲಿ ಕಸ್ತೂರಿ ರಂಗಪ್ಪನಾಯಕ ಮಕ್ಕಳಿಲ್ಲದೆ ತೀರಿಹೋದ ಮೇಲೆ ಜಾನಕಲ್ಲಿನ ನಾಯಕ ಮನೆತನದ ಹುಡುಗನನ್ನು ಕರೆತಂದು ಪಟ್ಟ ಕಟ್ಟಿದರು ಎಂದು ಇತಿಹಾಸ ಹೇಳುತ್ತದೆ. ಆಗ ಅವನಿಗೆ ಹನ್ನೆರಡರ ಆಸುಪಾಸಿನ ವಯಸ್ಸು. ಇಷ್ಟನ್ನು ನಾವೆಲ್ಲ ಕೇಳಿ ಬಲ್ಲೆವು. ಆದರೆ ಆಟವಾಡುವ ವಯಸ್ಸಿನ ಹುಡುಗನೊಬ್ಬನನ್ನು ತಾಯಿಯ ಮನೆಯಿಂದ ಬಿಡಿಸಿ ತಂದು ಏಳು ಸುತ್ತಿನ ಕೋಟೆಯ ಒಡೆಯನನ್ನಾಗಿ ಕೂರಿಸಿದಾಗ, ದೊಡ್ಡವರು ತನ್ನೆದುರು ತಲೆಬಾಗಿ ನಿಂತಾಗ, ಅವನೊಳಗೆ ಏನಾಗಿರಬೇಕು? ಅರಮನೆಯ ನಾಗತಿಯರು, ಪ್ರಧಾನಿ, ದಳವಾಯಿ, ಮಠದ ಸ್ವಾಮಿಗಳು ಇವರೆಲ್ಲರ ಕಣ್ಣು ಒಂದು ಮಗುವಿನ ಮೇಲೆ ನೆಟ್ಟಿರುವ ಆ ವಾತಾವರಣವನ್ನು ತ.ರಾ.ಸು. ಅವಸರವಿಲ್ಲದೆ ಕಟ್ಟುತ್ತಾರೆ. ಆಮೇಲೆ ಬರುವ ಯುದ್ಧಗಳಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಈ ಭಾಗ.

ಇದಕ್ಕೆ ಕೈ ಹಾಕುವ ಮೊದಲು ನಾನು ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನೂ ಓದಿಕೊಂಡೆ. ಬಿಚ್ಚುಗತ್ತಿ ಭರಮಣ್ಣನಾಯಕ 1689ರಲ್ಲಿ ಪಟ್ಟಕ್ಕೆ ಬರುವ ಮುಂಚಿನ ಕಾಲದಲ್ಲಿ ದಳವಾಯಿ ಮುದ್ದಣ್ಣನ ಕೈ ಮೇಲಾಗಿ, ದುರ್ಗದಲ್ಲಿ ಹರಿದ ರಕ್ತದ ಕತೆ ಅವುಗಳಲ್ಲಿದೆ. ಹೊಸದಾಗಿ ಓದಲು ಹೊರಡುವವರು ಇದೇ ಅನುಕ್ರಮ ಹಿಡಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಿಂಹಾಸನದ ಹತ್ತಿರದವರೇ ಸಿಂಹಾಸನಕ್ಕೆ ಎರವಾದದ್ದನ್ನು ಅಲ್ಲಿ ಕಂಡವರಿಗೆ, ‘ದುರ್ಗಾಸ್ತಮಾನ’ದಲ್ಲಿ ನಾಯಕ ಯಾರನ್ನು ನಂಬಬೇಕು, ಯಾರನ್ನು ದೂರ ಇಡಬೇಕು ಎಂದು ತೊಳಲುವಾಗ ಅದರ ತೂಕ ತಿಳಿಯುತ್ತದೆ.

ಇನ್ನು ಹೈದರಾಲಿಯೊಂದಿಗಿನ ಸಂಬಂಧ. ಈ ಇಬ್ಬರೂ ಮೊದಲಿನಿಂದ ಶತ್ರುಗಳಾಗಿರಲಿಲ್ಲ ಎಂಬುದನ್ನು ನಾವು ಬಹಳ ಬೇಗ ಮರೆಯುತ್ತೇವೆ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ದಂಡೆತ್ತಿ ಹೋದಾಗ ದುರ್ಗದ ನಾಯಕ ಅವನ ಕಡೆ ಇದ್ದ. ಇಪ್ಪತ್ತೊಂದರ ಹರೆಯದ ಅರಸನಿಗೆ ಅದು ಗೆಲುವಿನ ಕಾಲ. ಆದರೆ ನೆರೆಯ ದೊಡ್ಡ ಸಂಸ್ಥಾನವೊಂದು ಹೈದರನ ಹೊಟ್ಟೆ ಸೇರಿದ ಮೇಲೆ ಅವನಿಗೂ ಮರಾಠರಿಗೂ ನಡುವೆ ಉಳಿದದ್ದು ದುರ್ಗದಂಥ ಪಾಳೆಯಪಟ್ಟುಗಳೇ. ಮರಾಠರ ಕಡೆ ವಾಲಿದರೆ ಹೈದರ್ ಬಿಡುವುದಿಲ್ಲ, ಹೈದರನ ಕಡೆ ನಿಂತರೆ ಮರಾಠರು ಬಿಡುವುದಿಲ್ಲ. 1777ರ ಮುತ್ತಿಗೆ, ನಡುವಿನ ರಾಜಿ, 1779ರ ಕೊನೆಯ ಮುತ್ತಿಗೆ ಇವೆಲ್ಲ ಆ ಇಕ್ಕಟ್ಟಿನಿಂದಲೇ ಹುಟ್ಟಿದವು. ಮದಕರಿಯ ಶೌರ್ಯವನ್ನು ಕೊಂಡಾಡಿ ಸುಮ್ಮನಾಗುವವರು ಈ ಇಕ್ಕಟ್ಟನ್ನು ಗಮನಿಸುವುದಿಲ್ಲ. ಹದಿನಾರು ವರ್ಷಗಳ ಹಿಂದೆ ಬಿದನೂರಿನಲ್ಲಿ ಯಾರ ಪಕ್ಕದಲ್ಲಿ ನಿಂತಿದ್ದನೋ ಅವನ ಪಾಳೆಯವೇ ತನ್ನ ಕೋಟೆಯ ಬುಡದಲ್ಲಿ ಬೀಡುಬಿಟ್ಟಿರುವುದನ್ನು ಬತೇರಿಯ ಮೇಲೆ ನಿಂತು ನೋಡುವ ಮನುಷ್ಯನ ಸಂಕಟ, ನನ್ನ ದೃಷ್ಟಿಯಲ್ಲಿ, ಅವನ ಶೌರ್ಯಕ್ಕಿಂತ ಆಳವಾದದ್ದು.

ನಮಗೊಂದು ಭಾಗ್ಯವಿದೆ, ಕೇಳುಗರೇ. ಬೇರೆ ಊರಿನ ಓದುಗರು ಕಲ್ಪಿಸಿಕೊಳ್ಳಬೇಕಾದದ್ದನ್ನು ನಾವು ಬೆಳಗಿನ ಹೊತ್ತು ಮೇಲೆ ಹತ್ತಿಹೋಗಿ ಕಣ್ಣಾರೆ ನೋಡಿ ಬರಬಹುದು. ಮುತ್ತಿಗೆಯ ಅಧ್ಯಾಯಗಳನ್ನು ಓದುವಾಗ ನನ್ನನ್ನು ಕಾಡಿದ್ದು ನೀರಿನ ಪ್ರಶ್ನೆ. ತಿಂಗಳುಗಟ್ಟಲೆ ಬಾಗಿಲು ಮುಚ್ಚಿಕೊಂಡು ಕುಳಿತ ಕೋಟೆಯಲ್ಲಿ ಜನ, ಕುದುರೆ, ದನ ಏನು ಕುಡಿದವು? ಉತ್ತರ ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಸಿಗುತ್ತದೆ. ಬಂಡೆಗಳ ಮೇಲೆ ಬಿದ್ದ ಮಳೆನೀರು ಅಲ್ಲಿ ತುಂಬಿ, ಹೆಚ್ಚಾದದ್ದು ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡಕ್ಕೂ ಕೊನೆಗೆ ಊರೊಳಗಿನ ಸಂತೆಹೊಂಡಕ್ಕೂ ಹರಿಯುವಂತೆ ಹಿರಿಯರು ಮಾಡಿಟ್ಟಿದ್ದಾರೆ. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಒಂದು ಹನಿಯನ್ನೂ ದಂಡ ಮಾಡದ ಈ ಏರ್ಪಾಟನ್ನು ನೋಡಿದವನಿಗೆ, ಈ ಕೋಟೆ ಹಲವು ಮುತ್ತಿಗೆಗಳನ್ನು ಹೇಗೆ ತಾಳಿಕೊಂಡಿತೆಂದು ಬೇರೆ ಹೇಳಬೇಕಾಗಿಲ್ಲ. ಮದ್ದು ಬೀಸುವ ಕಲ್ಲುಗಳದ್ದೂ ಅಷ್ಟೆ. ಆಳವಾದ ಗುಂಡಿಯೊಳಗೆ ಕೂರಿಸಿದ ನಾಲ್ಕು ಭಾರಿ ಬೀಸುಕಲ್ಲುಗಳನ್ನು ಆನೆಯಿಂದಲೋ ಎತ್ತುಗಳಿಂದಲೋ ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ಅದರ ಅಂಚಿನಲ್ಲಿ ನಿಂತು ಬಂದ ಮೇಲೆ, ಪುಸ್ತಕದಲ್ಲಿ ತೋಪು ಹಾರಿದಾಗಲೆಲ್ಲ ಅದರ ಹಿಂದಿನ ದುಡಿಮೆ ನನ್ನ ಕಣ್ಣಿಗೆ ಕಟ್ಟುತ್ತದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಓದಿದವರು ಇದರ ಜೊತೆಗಿಟ್ಟು ನೋಡಬೇಕು. ಅದೂ ಒಂದು ಅರಸೊತ್ತಿಗೆ ಮುಗಿದ ಕತೆಯೇ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದದ್ದು. ಮಾಸ್ತಿಯವರು ಊರ ಹಿರಿಯರು ನ್ಯಾಯ ಹೇಳುವಂತೆ, ತಗ್ಗಿದ ದನಿಯಲ್ಲಿ, ಅರಸನ ತಪ್ಪನ್ನು ತಪ್ಪೆಂದೇ ಹೇಳುತ್ತ ಹೋಗುತ್ತಾರೆ. ತ.ರಾ.ಸು. ಅವರದು ಒಲಿದವರ ಬರವಣಿಗೆ. ಅವರು ದುರ್ಗದಿಂದ ದೂರ ನಿಲ್ಲಲಾರರು. ಈ ಒಲುಮೆಯಿಂದಾಗಿ ಕೆಲವು ಕಡೆ ಭಾವ ಉಕ್ಕಿ ಮಾತು ಉದ್ದವಾಗುತ್ತದೆ. ಹೈದರನನ್ನು ನಾವು ಹೆಚ್ಚಾಗಿ ಕೋಟೆಯ ಒಳಗಿನವರ ಕಣ್ಣಿನಿಂದಲೇ ನೋಡುತ್ತೇವೆ, ಅವನ ಲೆಕ್ಕಾಚಾರ, ಅವನ ಭಯ ಅಷ್ಟಾಗಿ ಸಿಗುವುದಿಲ್ಲ. ಈ ಕೊರತೆಯನ್ನು ನಾನು ಮುಚ್ಚಿಡಲಾರೆ. ಆದರೂ ಇವೆರಡರಲ್ಲಿ ಒಂದನ್ನು ಮತ್ತೆ ಓದಬೇಕೆಂದರೆ ನನ್ನ ಕೈ ‘ದುರ್ಗಾಸ್ತಮಾನ’ದ ಕಡೆಗೇ ಹೋಗುತ್ತದೆ.

ಕಾದಂಬರಿಯ ಜೊತೆಗೆ ಇತಿಹಾಸವನ್ನೂ ಓದುವುದು ಒಳ್ಳೆಯದು. ಎಂ.ಎಸ್. ಪುಟ್ಟಣ್ಣನವರು ಪಾಳೆಯಗಾರರ ಚರಿತ್ರೆ ಬರೆದರು, ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಗಾಗಿ ದುಡಿದರು. ಇಂಥವರ ಶ್ರಮವಿಲ್ಲದಿದ್ದರೆ ಕತೆ ಹೇಳುವವರಿಗೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ. ಕೋಟೆ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮನೆಮಠ ಬಿಟ್ಟು ಹೋದ ಅವರ ದಾರಿಯುದ್ದಕ್ಕೂ ಏನೇನಾಯಿತೆಂದು ಬರೆಯುವ ಕಾದಂಬರಿಯನ್ನು ನಮ್ಮ ಕಡೆಯ ಯುವ ಲೇಖಕರಿಂದ ನಾನು ಆಸೆಯಿಂದ ನಿರೀಕ್ಷಿಸುತ್ತಿದ್ದೇನೆ.

ಇನ್ನು ನೂರು ಪುಟಗಳಷ್ಟು ಓದು ಬಾಕಿಯಿದೆ. ಮುಗಿದ ಮೇಲೆ ತ.ರಾ.ಸು. ಅವರದೇ ‘ಹಂಸಗೀತೆ’ಯನ್ನು ತೆಗೆದುಕೊಳ್ಳಬೇಕೆಂದಿದ್ದೇನೆ. 1952ರಲ್ಲಿ, ಅಂದರೆ ‘ದುರ್ಗಾಸ್ತಮಾನ’ಕ್ಕೆ ಮೂವತ್ತು ವರ್ಷ ಮೊದಲೇ ಬಂದ ಆ ಕಾದಂಬರಿಯಲ್ಲಿ ಇದೇ ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಬಾಳಿನ ಕತೆಯಿದೆ. ಅರಸರ ಕತೆಯನ್ನು ಓದಿ ಬಂದ ಮನಸ್ಸಿಗೆ ಒಬ್ಬ ಹಾಡುಗಾರನ ಬಾಳು ಹೇಗೆ ಕಾಣುತ್ತದೆಂದು ನೋಡುವ ಆಸೆ ನನಗಿದೆ. ನಿಮ್ಮೂರಿನ ಗ್ರಂಥಾಲಯದಲ್ಲಿ ಎರಡೂ ಪುಸ್ತಕಗಳಿದ್ದರೆ ದಯವಿಟ್ಟು ‘ದುರ್ಗಾಸ್ತಮಾನ’ವನ್ನೇ ಮೊದಲು ಕೇಳಿ ಪಡೆಯಿರಿ.

ನಮಸ್ಕಾರ.