ಐವತ್ತು ವರ್ಷ, ಮೂರೇ ಕೋಚ್: ಯುಸಿಎಲ್‌ಎ ಸಾಫ್ಟ್‌ಬಾಲ್ ತಂಡದ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದು ಕಾಲೇಜು ತಂಡದ ಬಗ್ಗೆ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡ ಅದು. ಆ ವಿಶ್ವವಿದ್ಯಾಲಯವನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಯುಸಿಎಲ್‌ಎ. ಒಂದು ಕಾಲೇಜು ತಂಡದ ಚರಿತ್ರೆ ಕೇಳೋಕೆ ಇಷ್ಟು ಜನ ಯಾಕೆ ಕೂತಿದ್ದೀರಿ ಅಂತ ನನಗೇ ಆಶ್ಚರ್ಯ. ಆದರೆ ಕೇಳುವಂಥದ್ದು ಇದೆ.

1975ರಿಂದ ಇಲ್ಲಿಯವರೆಗೆ ಈ ತಂಡಕ್ಕೆ ಇದ್ದ ಮುಖ್ಯ ಕೋಚ್‌ಗಳು ಮೂವರೇ. ಮೂವರೂ ಹೆಂಗಸರು. ಎರಡನೆಯವರು ಮೊದಲನೆಯವರ ಕೈಕೆಳಗೆ ಆಡಿದವರು. ಮೂರನೆಯವರು ಆ ಇಬ್ಬರ ಕೈಕೆಳಗೂ ಆಡಿದವರು. ನಮ್ಮ ಸಂಗೀತಗಾರರಾದರೆ ಇದನ್ನು ಗುರುಪರಂಪರೆ ಅನ್ನುತ್ತಾರೆ. ಎರಡು ವರ್ಷ ಸೋತರೆ ಕೋಚ್ ಅವರನ್ನೇ ಮನೆಗೆ ಕಳಿಸುವ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಇದು ಬಹಳ ಅಪರೂಪ. ಈ ತಂಡದ ಗೆಲುವಿನ ಗುಟ್ಟು ಪಿಚಿಂಗ್‌ನಲ್ಲಿ, ಅಂದರೆ ಚೆಂಡೆಸೆತದಲ್ಲಿ ಇದೆ ಅಂತ ಹೇಳುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಆಡಿದವರು ಅಲ್ಲೇ ಉಳಿದು ಮುಂದಿನವರಿಗೆ ಕಲಿಸಿದರಲ್ಲ, ಗುಟ್ಟು ಇರುವುದು ಅಲ್ಲಿ.

ಆಟದ ಬಗ್ಗೆ ಎರಡು ಮಾತು ಸಾಕು. ನಮ್ಮ ಯೂನಿವರ್ಸಿಟಿಗಳಲ್ಲೂ ಸಾಫ್ಟ್‌ಬಾಲ್ ಇದೆ, ಆಡಿದವರು ಇಲ್ಲೂ ಇರಬಹುದು. ಉಳಿದವರಿಗೆ: ಬೇಸ್‌ಬಾಲ್‌ನ ಸಣ್ಣ ಮೈದಾನದ ರೂಪ ಇದು. ಏಳು ಇನಿಂಗ್ಸ್. ಪಿಚರ್ ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ, ಕೆಳಗೈಯಲ್ಲಿ ಚೆಂಡು ಬಿಡಬೇಕು. ಬ್ಯಾಟರ್ ನಿಂತಿರುವುದು ಬರೀ 43 ಅಡಿ ದೂರದಲ್ಲಿ. ಕ್ರಿಕೆಟ್ ಪಿಚ್ 66 ಅಡಿ, ನೆನಪಿರಲಿ. ಒಳ್ಳೆಯ ಪಿಚರ್ ಗಂಟೆಗೆ 100 ಕಿಲೋಮೀಟರ್‌ಗಿಂತ ಜೋರಾಗಿ ಎಸೆಯುತ್ತಾಳೆ. ಬ್ಯಾಟ್ ಬೀಸಬೇಕೋ ಬೇಡವೋ ಅಂತ ತೀರ್ಮಾನಿಸಲು ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ. ಚೆಂಡು ಪುಟ ಬೀಳುವ ಪ್ರಶ್ನೆಯೇ ಇಲ್ಲ.

ಈಗ 1975ಕ್ಕೆ ಬರೋಣ. ಅದಕ್ಕೆ ಮೂರು ವರ್ಷ ಮೊದಲು, 1972ರಲ್ಲಿ, ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅನ್ನುತ್ತದೆ ಅದು. ಕಾನೂನಿನಲ್ಲಿ ಆಟದ ಹೆಸರೇ ಇರಲಿಲ್ಲ. ಆದರೆ ಅದರ ಪೆಟ್ಟು ಮೊದಲು ತಟ್ಟಿದ್ದೇ ಆಟದ ಮೈದಾನಕ್ಕೆ. ಯುಸಿಎಲ್‌ಎ ಶ್ಯಾರನ್ ಬ್ಯಾಕಸ್ ಅವರನ್ನು ಕೋಚ್ ಮಾಡಿತು. ಬ್ಯಾಕಸ್ ಸ್ವತಃ ದೊಡ್ಡ ಆಟಗಾರ್ತಿ. ಕಾಲೇಜುಗಳು ಹೆಣ್ಣುಮಕ್ಕಳಿಗೆ ತಂಡ ಕಟ್ಟುವ ಮೊದಲು ಅಮೆರಿಕದಲ್ಲಿ ಸಾಫ್ಟ್‌ಬಾಲ್ ಬದುಕಿದ್ದು ಊರಿನ ಕ್ಲಬ್‌ಗಳಲ್ಲಿ, ಕಾರ್ಖಾನೆಯವರು ನಡೆಸುವ ತಂಡಗಳಲ್ಲಿ. ಕನೆಕ್ಟಿಕಟ್‌ನ ರೇಬೆಸ್ಟಸ್ ಬ್ರೇಕೆಟ್ಸ್ ಅಂತ ಒಂದು ಹೆಸರಾಂತ ತಂಡ. ವಾಹನಗಳ ಬ್ರೇಕ್ ಲೈನಿಂಗ್ ಮಾಡುವ ಕಂಪನಿಯದು, ಅದಕ್ಕೇ ಆ ಹೆಸರು. ಬ್ಯಾಕಸ್ ಅಲ್ಲಿ ಪಳಗಿದವರು.

ಅವರ ಮೊದಲ ತಂಡದಲ್ಲೇ ಸೂ ಎನ್‌ಕ್ವಿಸ್ಟ್ ಅಂತ ಒಬ್ಬ ಹುಡುಗಿ ಇದ್ದಳು. ಯುಸಿಎಲ್‌ಎಯ ಮೊದಲ ಆಲ್ ಅಮೆರಿಕನ್ (ದೇಶದ ಶ್ರೇಷ್ಠ ಕಾಲೇಜು ಆಟಗಾರರಿಗೆ ಸಿಗುವ ಗೌರವ) ಸಾಫ್ಟ್‌ಬಾಲ್ ಆಟಗಾರ್ತಿ ಆಕೆಯೇ. ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದರೆ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ, ಒಳ್ಳೆಯ ಬ್ಯಾಟರ್ ಅನ್ನುವ ಆಟ ಇದು. ಎನ್‌ಕ್ವಿಸ್ಟ್ ನಾಲ್ಕು ವರ್ಷದ ಸರಾಸರಿಯೇ ನಾಲ್ಕು. 1978ರಲ್ಲಿ ತಂಡ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಗ ಹೆಣ್ಣುಮಕ್ಕಳ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಎಂಬ ಬೇರೆಯೇ ಸಂಸ್ಥೆ. ಗಂಡಸರ ಪಂದ್ಯಗಳನ್ನು ನೋಡಿಕೊಳ್ಳುತ್ತಿದ್ದ ಎನ್‌ಸಿಎಎಗೆ ಈ ಕಡೆ ಗಮನ ಬಂದದ್ದು ಆಮೇಲೆ.

ಎನ್‌ಸಿಎಎ ಮೊದಲ ಸಲ ಸಾಫ್ಟ್‌ಬಾಲ್ ವರ್ಲ್ಡ್ ಸೀರೀಸ್ (ಹೆಸರು ಹಾಗಿದ್ದರೂ ಅದು ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಟೂರ್ನಿ) ನಡೆಸಿದ್ದು 1982ರಲ್ಲಿ, ಒಮಾಹಾ ಊರಿನಲ್ಲಿ. ಫೈನಲ್‌ನಲ್ಲಿ ಯುಸಿಎಲ್‌ಎ ಫ್ರೆಸ್ನೊ ಸ್ಟೇಟ್ ತಂಡವನ್ನು 2-0ಯಿಂದ ಸೋಲಿಸಿತು. 1984ರ ಫೈನಲ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಎದುರು ಒಂದೇ ಒಂದು ರನ್ ಬರಲು 13 ಇನಿಂಗ್ಸ್ ಬೇಕಾಯಿತು. ಮರುವರ್ಷವೂ ಅಷ್ಟೇ, ನೆಬ್ರಾಸ್ಕಾ ಎದುರು ಒಂಬತ್ತು ಇನಿಂಗ್ಸ್ ಆಡಿ 2-1. ಡೆಬ್ಬಿ ಡೂಮ್, ಟ್ರೇಸಿ ಕಾಂಪ್ಟನ್ ಅಂಥ ಪಿಚರ್‌ಗಳು 40 ಅಡಿಯಿಂದ ಎಸೆಯುತ್ತಿದ್ದ ಕಾಲ ಅದು. ಚೆಂಡು ಮುಟ್ಟುವುದೇ ಕಷ್ಟ. ಎಲ್ಲ ಕಡೆಯೂ ಇದೇ ಪಾಡು. ಕೊನೆಗೆ 1988ರಲ್ಲಿ ಪಿಚಿಂಗ್ ದೂರವನ್ನು 43 ಅಡಿಗೆ ಹೆಚ್ಚಿಸಿದರು. ಪಿಚರ್‌ಗಳ ಬಲ ತಗ್ಗಿಸಲು ಮಾಡಿದ ಬದಲಾವಣೆ. ಆ ವರ್ಷ, ಅದರ ಮುಂದಿನ ವರ್ಷ, ಅದರಾಚೆಯ ವರ್ಷ, ಮೂರೂ ಸಲ ಕಪ್ ಹೋಗಿದ್ದು ಮತ್ತೆ ಯುಸಿಎಲ್‌ಎಗೇ!

ಮೊದಲ ಎನ್‌ಸಿಎಎ ಕಪ್ ಗೆದ್ದ ತಂಡದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಡಾಟ್ ರಿಚರ್ಡ್‌ಸನ್. ಇವರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲೇಬೇಕು. ಫ್ಲಾರಿಡಾದಲ್ಲಿ ಬೆಳೆದ ಹುಡುಗಿ. ಹತ್ತು ವರ್ಷದವಳಿದ್ದಾಗ ಅಣ್ಣನ ಜೊತೆ ಚೆಂಡೆಸೆಯುತ್ತಿದ್ದದ್ದನ್ನು ಹುಡುಗರ ತಂಡದ ಕೋಚ್ ಒಬ್ಬರು ನೋಡಿದರು. ನಮ್ಮ ತಂಡಕ್ಕೆ ಬಾ ಅಂದರು. ಆದರೆ ಒಂದು ಷರತ್ತು: ಕೂದಲು ಕತ್ತರಿಸಿಕೊಳ್ಳಬೇಕು, ಬಾಬ್ ಅಂತ ಹೆಸರಿಟ್ಟುಕೊಳ್ಳಬೇಕು. ಹುಡುಗಿ ಒಲ್ಲೆ ಅಂದಳು. ಹದಿಮೂರಕ್ಕೆಲ್ಲ ದೊಡ್ಡ ಹೆಂಗಸರ ತಂಡದಲ್ಲಿ ಆಡುತ್ತಿದ್ದಳು. ಯುಸಿಎಲ್‌ಎ ಮುಗಿಸಿ ವೈದ್ಯಕೀಯ ಓದಿ ಮೂಳೆ ಡಾಕ್ಟರ್ ಆದರು. ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ತರಬೇತಿ ನಡೆಯುತ್ತಿದ್ದಾಗಲೇ 1996ರ ಅಟ್ಲಾಂಟಾ ಒಲಿಂಪಿಕ್ಸ್ ಬಂತು. ಸಾಫ್ಟ್‌ಬಾಲ್‌ಗೆ ಅದೇ ಮೊದಲ ಒಲಿಂಪಿಕ್ಸ್. ರಜೆ ತೆಗೆದುಕೊಂಡು ಹೋದರು. ಆಗ ಅವರಿಗೆ 34 ವರ್ಷ. ಚೀನಾ ಎದುರಿನ ಫೈನಲ್‌ನಲ್ಲಿ ಅವರು ಹೊಡೆದ ಚೆಂಡು ಬಲಗಡೆಯ ಗೆರೆಯ ಗುಂಟ ಹೋಗಿ ಬೇಲಿ ದಾಟಿತು. ಗೆರೆಯ ಒಳಗೋ ಹೊರಗೋ? ಚೀನಾದವರು ಬಹಳ ಹೊತ್ತು ಜಗಳ ಮಾಡಿದರು. ಅಂಪೈರ್ ಹೋಮ್ ರನ್ ಅಂದರು, ಎರಡು ರನ್ ಬಂತು, ಅಮೆರಿಕ 3-1ರಿಂದ ಚಿನ್ನ ಗೆದ್ದಿತು. ಆಮೇಲೆ ಡಾಕ್ಟರ್ ಮೇಡಂ ಮತ್ತೆ ಆಸ್ಪತ್ರೆಗೆ. ಈಗ ವರ್ಜೀನಿಯಾದ ಲಿಬರ್ಟಿ ಯೂನಿವರ್ಸಿಟಿಯಲ್ಲಿ ಅವರೇ ಸಾಫ್ಟ್‌ಬಾಲ್ ಕೋಚ್.

ಎಂಬತ್ತರ ದಶಕದ ಹೆಸರು ಡಾಟ್ ಆದರೆ ತೊಂಬತ್ತರ ಹೆಸರು ಲಿಸಾ ಫರ್ನಾಂಡಿಸ್. ತಂದೆ ಕ್ಯೂಬಾದವರು, ತಾಯಿ ಪೋರ್ಟೊ ರಿಕೊದವರು. ಎಂಟನೇ ವಯಸ್ಸಿನಲ್ಲಿ ಪಿಚ್ ಮಾಡಿದ ಮೊದಲ ಪಂದ್ಯದಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ರನ್ ಕೊಟ್ಟು ಸೋತಳು. ಹನ್ನೆರಡಾದಾಗ ಒಬ್ಬ ಕೋಚ್, ನಿನ್ನ ಮೈಕಟ್ಟು ಪಿಚಿಂಗ್‌ಗೆ ಸರಿಯಿಲ್ಲ, ತೋಳು ಉದ್ದ ಇಲ್ಲ, ಹದಿನಾರರ ಮೇಲೆ ನೀನು ಮುಂದೆ ಬರಲಾರೆ ಅಂದರಂತೆ. ಯುಸಿಎಲ್‌ಎಯಲ್ಲಿ ನಾಲ್ಕು ವರ್ಷ ಪಿಚ್ ಮಾಡಿ 93 ಗೆದ್ದು 7 ಸೋತರು. 1993ರಲ್ಲಂತೂ ಇಡೀ ದೇಶದ ಕಾಲೇಜುಗಳಲ್ಲಿ ಪಿಚಿಂಗ್‌ನಲ್ಲೂ ಬ್ಯಾಟಿಂಗ್‌ನಲ್ಲೂ ಮೊದಲ ಸ್ಥಾನ ಅವರದೇ. ಹತ್ತಕ್ಕೆ ಐದಕ್ಕಿಂತ ಜಾಸ್ತಿ ಹಿಟ್. ಪಿಚರ್ ಆಗಿ ಕೊಟ್ಟಿದ್ದು ನಾಲ್ಕು ಪಂದ್ಯಕ್ಕೆ ಸರಾಸರಿ ಒಂದೇ ರನ್. ಅಷ್ಟಾಗಿಯೂ ಆ ವರ್ಷದ ಫೈನಲ್‌ನಲ್ಲಿ ಯುಸಿಎಲ್‌ಎ ಅರಿಜೋನಾಗೆ 0-1ರಿಂದ ಸೋತಿತು. ಆಟ ಅಂದ್ರೆ ಹಾಗೇ ಅಲ್ವಾ.

ಲಿಸಾ ಗೆದ್ದ ಪಂದ್ಯಗಳಿಗಿಂತ ಸೋತ ಎರಡು ಪಂದ್ಯ ನನಗೆ ಹೆಚ್ಚು ಇಷ್ಟ. ಒಂದು, ಅಟ್ಲಾಂಟಾದಲ್ಲಿ ಆಸ್ಟ್ರೇಲಿಯಾ ಎದುರು. ಐದನೇ ಇನಿಂಗ್ಸ್‌ನಲ್ಲಿ ಅಮೆರಿಕದ ಡ್ಯಾನಿ ಟೈಲರ್ ಹೋಮ್ ರನ್ ಹೊಡೆದರು. ಬೇಸ್‌ಗಳನ್ನೆಲ್ಲ ಸುತ್ತಿ ಬಂದು, ಜೊತೆಗಾರರ ಕೈಗೆ ಕೈ ತಟ್ಟುವ ಸಂಭ್ರಮದಲ್ಲಿ ಕೊನೆಗೆ ಮುಟ್ಟಬೇಕಾದ ಹೋಮ್ ಪ್ಲೇಟ್ ತುಳಿಯುವುದನ್ನೇ ಮರೆತರು. ರನ್ ಹೋಯಿತು. ಪಂದ್ಯ ಹತ್ತನೇ ಇನಿಂಗ್ಸ್‌ಗೆ ಎಳೆಯಿತು. ಅಲ್ಲಿಯವರೆಗೆ ಲಿಸಾ ಒಂದು ಹಿಟ್ಟನ್ನೂ ಕೊಟ್ಟಿರಲಿಲ್ಲ. ಅಮೆರಿಕ ಒಂದು ರನ್ ಮುಂದೆ. ಎರಡು ಔಟ್, ಎರಡು ಸ್ಟ್ರೈಕ್ (ಬ್ಯಾಟರ್ ಹೊಡೆಯಲಾಗದೆ ಬಿಟ್ಟ ಒಳ್ಳೆಯ ಎಸೆತ; ಮೂರಾದರೆ ಔಟ್). ಇನ್ನೊಂದೇ ಸ್ಟ್ರೈಕ್ ಸಾಕಿತ್ತು. ಜೊಯಾನ್ ಬ್ರೌನ್ ಹೋಮ್ ರನ್ ಹೊಡೆದರು. ಟೈಬ್ರೇಕರ್ ನಿಯಮದ ಪ್ರಕಾರ ಎರಡನೇ ಬೇಸ್‌ನಲ್ಲಿ ಮೊದಲೇ ಒಬ್ಬಳನ್ನು ನಿಲ್ಲಿಸಿರುತ್ತಾರೆ, ಹಾಗಾಗಿ ಎರಡು ರನ್. 1-2. ನಾಲ್ಕು ವರ್ಷದ ನಂತರ ಸಿಡ್ನಿಯಲ್ಲಿ, ಅದೇ ಆಸ್ಟ್ರೇಲಿಯಾ ಎದುರು, ಲಿಸಾ 25 ಜನರನ್ನು ಸ್ಟ್ರೈಕ್ ಔಟ್ ಮಾಡಿದರು. 13ನೇ ಇನಿಂಗ್ಸ್‌ನಲ್ಲಿ ಮತ್ತೊಂದು ಹೋಮ್ ರನ್. ಮತ್ತೆ 1-2! ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಕೊನೆಗೆ ಅಮೆರಿಕದ ಕೊರಳಿಗೇ ಬಿತ್ತು ಅನ್ನುವುದು ಬೇರೆ ಮಾತು.

ಈಗ ಸ್ವಲ್ಪ ಕಹಿ ವಿಷಯ. ಯುಸಿಎಲ್‌ಎ ಎಷ್ಟು ಸಲ ಎನ್‌ಸಿಎಎ ಪ್ರಶಸ್ತಿ ಗೆದ್ದಿದೆ ಅಂತ ಕೇಳಿದರೆ ಕೆಲವರು ಹದಿಮೂರು ಅನ್ನುತ್ತಾರೆ, ಪುಸ್ತಕದಲ್ಲಿ ಹನ್ನೆರಡು. ವ್ಯತ್ಯಾಸ ಇರುವುದು 1995ರದ್ದು. ಆ ವರ್ಷ ಸೀಸನ್ ನಡುವೆ ಆಸ್ಟ್ರೇಲಿಯಾದಿಂದ ಟಾನ್ಯಾ ಹಾರ್ಡಿಂಗ್ ಎಂಬ ಪಿಚರ್ ಬಂದರು. 17 ಪಂದ್ಯ ಗೆದ್ದರು, ಒಂದು ಸೋತರು. ಅರಿಜೋನಾವನ್ನು 4-2ರಿಂದ ಮಣಿಸಿ ತಂಡ ಕಪ್ ಎತ್ತಿತು, ಟೂರ್ನಿಯ ಶ್ರೇಷ್ಠ ಆಟಗಾರ್ತಿಯೂ ಅವರೇ. ಟೂರ್ನಿ ಮುಗಿದದ್ದೇ ತಡ, ಓದು ಮುಂದುವರಿಸದೆ ಊರಿಗೆ ಮರಳಿದರು. ಬಾಡಿಗೆ ಪಿಚರ್ ತಂದು ಗೆದ್ದರು ಅಂತ ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಆಮೇಲೆ ನಡೆದ ತನಿಖೆಯಲ್ಲಿ ಸಿಕ್ಕಿದ್ದು ಬೇರೆಯೇ: ಫುಟ್‌ಬಾಲ್ ತಂಡಕ್ಕೆ ಮೀಸಲಾದ ವಿದ್ಯಾರ್ಥಿವೇತನವನ್ನು ಸಾಫ್ಟ್‌ಬಾಲ್ ಆಟಗಾರ್ತಿಯರಿಗೆ ಕೊಟ್ಟು ಮಿತಿ ಮೀರಿದ್ದರು. ಕಪ್ ದಾಖಲೆಯಿಂದ ಹೋಯಿತು. ಹಾರ್ಡಿಂಗ್ ಅವರನ್ನು ದೂರಿ ಪ್ರಯೋಜನವಿಲ್ಲ, ಅವರು ತಮ್ಮ ದೇಶಕ್ಕೆ ನಾಲ್ಕು ಒಲಿಂಪಿಕ್ಸ್ ಆಡಿದ ದೊಡ್ಡ ಆಟಗಾರ್ತಿ. ಆದರೆ ವರ್ಷಗಟ್ಟಲೆ ಒಬ್ಬರನ್ನೊಬ್ಬರು ತಯಾರು ಮಾಡಿ ಗೆಲ್ಲುತ್ತಿದ್ದ ತಂಡಕ್ಕೆ ಈ ಅವಸರ ಬೇಕಿರಲಿಲ್ಲ ಅನ್ನಿಸುತ್ತದೆ.

ಎನ್‌ಕ್ವಿಸ್ಟ್ ಆಗ ಬ್ಯಾಕಸ್ ಜೊತೆ ಜಂಟಿ ಕೋಚ್. 1997ರಿಂದ ಒಬ್ಬರೇ ನಡೆಸಿದರು. 1999, 2003, 2004ರಲ್ಲಿ ಕಪ್ ಬಂತು. ಈ ಕಾಲದವರಲ್ಲಿ ಇಬ್ಬರನ್ನು ಹೇಳುತ್ತೇನೆ. ಸ್ಟೇಸಿ ನೂವ್‌ಮನ್, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ), ಕಾಲೇಜಿನಲ್ಲಿ 90 ಹೋಮ್ ರನ್ ಹೊಡೆದವರು. ಆ ದಾಖಲೆ ಹತ್ತು ವರ್ಷಕ್ಕೂ ಹೆಚ್ಚು ಉಳಿಯಿತು. ಇನ್ನೊಬ್ಬರು ನಟಾಶಾ ವಾಟ್ಲಿ. ಎಡಗೈ ಬ್ಯಾಟರ್. ಚೆಂಡು ಬರುತ್ತಿರುವಾಗಲೇ ಓಡಲು ಶುರು ಮಾಡಿ, ಓಡುತ್ತಲೇ ಚೆಂಡನ್ನು ನೆಲಕ್ಕೆ ತಟ್ಟಿ ಮೊದಲ ಬೇಸ್ ಸೇರಿಬಿಡುತ್ತಿದ್ದರು. ಇದಕ್ಕೆ ಸ್ಲ್ಯಾಪ್ ಹಿಟ್ಟಿಂಗ್ ಅನ್ನುತ್ತಾರೆ. ಬೇಸ್ ಇರುವುದು 60 ಅಡಿ ದೂರದಲ್ಲಿ, ಫೀಲ್ಡರ್ ಚೆಂಡು ಎತ್ತಿ ಎಸೆಯುವಷ್ಟರಲ್ಲಿ ಇವರು ದಾಟಿರುತ್ತಿದ್ದರು. ಅಮೆರಿಕದ ಒಲಿಂಪಿಕ್ ಸಾಫ್ಟ್‌ಬಾಲ್ ತಂಡದಲ್ಲಿ ಆಡಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ವಾಟ್ಲಿ. 2004ರ ಅಥೆನ್ಸ್ ತಂಡದಲ್ಲಿ ಯುಸಿಎಲ್‌ಎಯವರೇ ಐದು ಜನ. ಆ ತಂಡ ಒಂಬತ್ತು ಪಂದ್ಯದಲ್ಲಿ 51 ರನ್ ಮಾಡಿ, ಕೊಟ್ಟಿದ್ದು ಒಂದೇ ರನ್. ಆ ಒಂದು ರನ್ನೂ ಫೈನಲ್‌ನಲ್ಲಿ, ಆಸ್ಟ್ರೇಲಿಯಾಗೆ. ಎದುರು ತಂಡದಲ್ಲಿ ಟಾನ್ಯಾ ಹಾರ್ಡಿಂಗ್ ಇದ್ದರು!

ಮೂರನೇ ಕೋಚ್ ಕೆಲ್ಲಿ ಇನೋಯೆ-ಪೆರೆಜ್. 2007ರ ಸೀಸನ್‌ನಿಂದ ಈಗಲೂ ಅವರೇ. ಆಟಗಾರ್ತಿಯಾಗಿ ಮೂರು ಕಪ್ ಗೆದ್ದ ತಂಡಗಳಲ್ಲಿದ್ದರು. ಕ್ಯಾಚರ್ ಆಗಿ ಲಿಸಾ ಎಸೆದ ಚೆಂಡು ಹಿಡಿದವರು. ಆಮೇಲೆ ವರ್ಷಾನುಗಟ್ಟಲೆ ಸಹಾಯಕ ಕೋಚ್. ಕ್ಯಾಚರ್ ಕೂರುವ ಜಾಗದಿಂದ ಇಡೀ ಮೈದಾನ ಎದುರಿಗೆ ಕಾಣುತ್ತದೆ, ಉಳಿದವರೆಲ್ಲ ನೋಡುವುದು ಅವಳ ಕಡೆಗೆ. ಕೋಚ್ ಆಗಲು ಅದಕ್ಕಿಂತ ಒಳ್ಳೆಯ ತಯಾರಿ ಇರಲಾರದು.

ಅವರ ಕಾಲದಲ್ಲಿ 2010ರಲ್ಲಿ ಒಂದು ಕಪ್, 2019ರಲ್ಲಿ ಇನ್ನೊಂದು. 2019ರ ಸೆಮಿಫೈನಲ್ ಸಿಕ್ಕರೆ ದಯವಿಟ್ಟು ವಿಡಿಯೊ ನೋಡಿ. ವಾಷಿಂಗ್ಟನ್ ಎದುರು ಪಂದ್ಯ 0-0ಯಲ್ಲಿ ಹತ್ತನೇ ಇನಿಂಗ್ಸ್‌ಗೆ ಹೋಯಿತು. ಯುಸಿಎಲ್‌ಎ ಪಿಚರ್ ರೇಚಲ್ ಗಾರ್ಸಿಯಾ ಅಷ್ಟರಲ್ಲಿ 179 ಚೆಂಡು ಎಸೆದಿದ್ದರು. ತೋಳು ಎತ್ತಲು ಆಗುತ್ತಿತ್ತೋ ಇಲ್ಲವೋ. ಹತ್ತನೇ ಇನಿಂಗ್ಸ್‌ನಲ್ಲಿ ಬ್ಯಾಟಿಗೂ ಅವರೇ ಬಂದು ಮೂರು ರನ್ನಿನ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು. ತಂಡದವರು ಕೂರುವ ಡಗ್‌ಔಟ್‌ನಲ್ಲಿ ಸಹಾಯಕ ಕೋಚ್ ಆಗಿ ನಿಂತಿದ್ದವರು ಯಾರು? ಲಿಸಾ ಫರ್ನಾಂಡಿಸ್. ಫೈನಲ್‌ನಲ್ಲಿ ಒಕ್ಲಹೋಮವನ್ನು ಸತತ ಎರಡು ಪಂದ್ಯದಲ್ಲಿ ಸೋಲಿಸಿ ಹನ್ನೆರಡನೆಯ ಕಪ್.

ಅಲ್ಲಿಂದೀಚೆಗೆ ಕಾಲ ಒಕ್ಲಹೋಮದ್ದು. ಕೋಚ್ ಪ್ಯಾಟಿ ಗ್ಯಾಸೊ ಅವರ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ಕಪ್ ಗೆದ್ದಿತು. ಅದು ಯಾರೂ ಮಾಡದಿದ್ದದ್ದು, ಯುಸಿಎಲ್‌ಎ ಕೂಡ. ಒಂದು ಕಾಲದಲ್ಲಿ ಕ್ಯಾಲಿಫೋರ್ನಿಯಾದ ಹುಡುಗಿಯರಿಗೆ ಮನೆ ಹತ್ತಿರದ ದೊಡ್ಡ ತಂಡ ಅಂದರೆ ಯುಸಿಎಲ್‌ಎ. ಈಗ ದೇಶದ ಎಲ್ಲ ಮೂಲೆಯಲ್ಲೂ ಒಳ್ಳೆಯ ತಂಡಗಳಿವೆ. ಅವುಗಳಲ್ಲಿ ಕೆಲವನ್ನು ನಡೆಸುತ್ತಿರುವುದು ಇದೇ ಮನೆಯಿಂದ ಹೋದವರು. ಡಾಟ್ ವರ್ಜೀನಿಯಾದಲ್ಲಿದ್ದಾರೆ ಅಂತ ಆಗಲೇ ಹೇಳಿದೆ. ನೂವ್‌ಮನ್ ಸ್ಯಾನ್ ಡಿಯೆಗೊ ಸ್ಟೇಟ್‌ನ ಕೋಚ್ ಆದರು. ಅಥೆನ್ಸ್ ತಂಡದಲ್ಲಿದ್ದ ತೈರಿಯಾ ಫ್ಲವರ್ಸ್ ಲೊಯೊಲಾ ಮೇರಿಮೌಂಟ್‌ಗೆ ಹೋದರು.

ಕೊನೆಯದಾಗಿ ಒಂದು ಸುದ್ದಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬರುತ್ತಿದೆ. ಆಟಗಾರರ ವಸತಿ ಯುಸಿಎಲ್‌ಎ ಕ್ಯಾಂಪಸ್ಸಿನಲ್ಲೇ. ಸಾಫ್ಟ್‌ಬಾಲ್ ಪಂದ್ಯಗಳು ಮಾತ್ರ ಮೂರು ರಾಜ್ಯ ದಾಟಿ ಒಕ್ಲಹೋಮ ಸಿಟಿಯಲ್ಲಿ, ಕಾಲೇಜು ವರ್ಲ್ಡ್ ಸೀರೀಸ್ ನಡೆಯುವ ಮೈದಾನದಲ್ಲಿ. ಅಷ್ಟು ಜನ ಹಿಡಿಸುವ ಸಾಫ್ಟ್‌ಬಾಲ್ ಮೈದಾನ ಲಾಸ್ ಏಂಜಲೀಸಿನಲ್ಲಿ ಇಲ್ಲ. ಯುಸಿಎಲ್‌ಎಯವರು ಎಷ್ಟೋ ವರ್ಷ ಜೂನ್ ಹೊತ್ತಿಗೆ ಹೋಗುವ ಊರಿಗೇ ಇನ್ನೊಂದು ಸಲ ಹೋಗಬೇಕು, ಅಷ್ಟೇ.

ಪ್ರಶ್ನೆಗಳಿದ್ದರೆ ಕೇಳಿ. ಸ್ಲ್ಯಾಪ್ ಹಿಟ್ಟಿಂಗ್ ತೋರಿಸಿ ಅಂತ ಮಾತ್ರ ಕೇಳಬೇಡಿ, ಮಂಡಿ ನೋವಿದೆ.