ಜೊತೆಯಲ್ಲಿ ಬಂದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಆಪ್ತ ಸಮಾಲೋಚನೆ ಅಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದು ಕೋಣೆ, ಎರಡು ಕುರ್ಚಿ. ಒಬ್ಬರು ಹೇಳಿಕೊಳ್ಳುತ್ತಾರೆ, ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಸಿನಿಮಾದಲ್ಲಿ ಹಾಗೇ ತೋರಿಸುವುದು. ನಮ್ಮ ಯಾವುದಾದರೂ ತಾಲೂಕು ಆಸ್ಪತ್ರೆಗೆ ಬಂದು ನೋಡಿ, ಎರಡು ಕುರ್ಚಿ ಎಲ್ಲಿಗೂ ಸಾಲುವುದಿಲ್ಲ. ಮಗಳಿಗೆ ನಿದ್ದೆ ಬರುತ್ತಿಲ್ಲ ಅಂದರೆ ಅಪ್ಪ, ಅಮ್ಮ, ಸೋದರಮಾವ ಮೂವರೂ ಬಂದಿರುತ್ತಾರೆ. ಕೆಲವೊಮ್ಮೆ ಪಕ್ಕದ ಮನೆಯ ಅಕ್ಕನೂ ಇರುತ್ತಾರೆ, ಅವರಿಗೆ ಆಸ್ಪತ್ರೆಯ ಓಡಾಟ ಗೊತ್ತು ಅನ್ನುವ ಕಾರಣಕ್ಕೆ. "ಏನಾಗ್ತಿದೆ ತಾಯಿ?" ಅಂತ ಹುಡುಗಿಯನ್ನು ಕೇಳಿದರೆ ಬಾಯಿ ತೆರೆಯುವವರು ಮಾವ. "ಏನಿಲ್ಲ ಮೇಡಂ, ಜಾಸ್ತಿ ಯೋಚನೆ ಮಾಡ್ತಾಳೆ ಅಷ್ಟೇ."

ಈ ಜೊತೆಯಲ್ಲಿ ಬಂದವರ ಬಗ್ಗೆಯೇ ಇವತ್ತು ಮಾತಾಡೋಣ ಅಂದುಕೊಂಡಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಸಮಾಲೋಚಕರು ಎಷ್ಟೋ ಸಲ ಮೊದಲು ಮಾಡುವುದು ಇವರನ್ನೆಲ್ಲ ಹೊರಗೆ ಕಳಿಸುವುದು. ಇನ್ನು ಕೆಲವರು ಹುಡುಗಿಯನ್ನು ಬಿಟ್ಟು ಮಾವನ ಜೊತೆಗೇ ಮಾತು ಮುಗಿಸಿಬಿಡುತ್ತಾರೆ. ಎರಡೂ ನನಗೆ ಸರಿ ಕಾಣುವುದಿಲ್ಲ.

ಮನೆಯವರನ್ನು ಹೊರಗಿಡುವ ಪದ್ಧತಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಬೇರುಬಿಟ್ಟಿತು. ಎತ್ತರದ ಗೋಡೆ, ದೊಡ್ಡ ಗೇಟು. ಒಳಗೆ ಬಿಟ್ಟುಬಂದರೆ ಅಲ್ಲಿಗೆ ಮುಗಿಯಿತು. ಈ ಪದ್ಧತಿ ಮುರಿದವರಲ್ಲಿ ಮೊದಲು ನೆನೆಯಬೇಕಾದವರು ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್. 1950ರ ದಶಕದ ಮಾತು ಇದು. ಆಸ್ಪತ್ರೆ ಕಿಕ್ಕಿರಿದಿತ್ತು. ನೋಡಿಕೊಳ್ಳುವ ಕೈಗಳು ಕಡಿಮೆ ಇದ್ದವು. ಅವರು ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಇದ್ದುಬಿಡಿ ಅಂದರು. ತಾಯಿ, ಅಣ್ಣ, ಹೆಂಡತಿ ಬಂದು ಉಳಿದರು. ರೋಗಿಗಳು ಬೇಗ ಸುಧಾರಿಸಿ ಊರಿಗೆ ಹೊರಟರು. ಮನೆಯವರಿಗೂ ಲಾಭವಾಯಿತು. ಇದು ಶಾಪವಲ್ಲ, ಕಾಯಿಲೆ ಅನ್ನುವುದನ್ನು ಅವರು ಕಣ್ಣಾರೆ ನೋಡಿ ತಿಳಿದುಕೊಂಡರು. ಆಮೇಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ವ್ಯವಸ್ಥೆ ಬಂತು. ಹೊರದೇಶದ ಮನೋವೈದ್ಯರು ಇದನ್ನು ಬೆರಗಿನಿಂದ ನೋಡಿದ್ದುಂಟು. ನಮಗೆ ಅದರಲ್ಲಿ ಬೆರಗೇನಿಲ್ಲ, ಹೆರಿಗೆಗೆ ಹೋದರೂ ಕಾಲು ಮುರಿದರೂ ಒಬ್ಬರನ್ನು ಕರೆದುಕೊಂಡೇ ಹೋಗುವ ಜನ ನಾವು, ಅಲ್ವಾ?

ಇನ್ನೊಂದು ಕಥೆ ತಮಿಳುನಾಡಿನದು. ಅಲ್ಲಿ ವೇಲಾಯುಧಂಪಾಳಯಂಪುದೂರು ಅಂತ ಒಂದು ಊರು. ಊರಿನ ಮುತ್ತುಸ್ವಾಮಿ ಗುಡಿಗೆ ಮನಸ್ಸಿನ ಕಾಯಿಲೆ ಇದ್ದವರನ್ನು ಕರೆತಂದು ಕೆಲವು ವಾರ ಉಳಿಯುವ ರೂಢಿ ಇತ್ತು. ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಅವರ ಜೊತೆಗಾರರು ಹೀಗೆ ಬಂದ 31 ಜನರನ್ನು ಪರೀಕ್ಷೆ ಮಾಡಿದರು. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ. ಕಾಯಿಲೆಯ ತೀವ್ರತೆ ಅಳೆಯುವ ಮಾಪನದಲ್ಲಿ ಸುಮಾರು ಶೇಕಡಾ 20ರಷ್ಟು ಇಳಿಕೆ ಕಂಡಿತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಹಾಗಾದರೆ ಗುಡಿಯಲ್ಲಿ ಏನು ಮಾಡುತ್ತಿದ್ದರು? ಕಾಯಿಲೆ ಬಿಡಿಸುವ ವಿಶೇಷ ಪೂಜೆಯೇನೂ ಇರಲಿಲ್ಲ. ಬೆಳಗಿನ ಪೂಜೆಗೆ ಬರಬೇಕು, ಗುಡಿ ಗುಡಿಸಬೇಕು, ಗಿಡಕ್ಕೆ ನೀರು ಹಾಕಬೇಕು. ಜೊತೆಗೆ ಮನೆಯವರೊಬ್ಬರು ಇರಬೇಕು. ಬೈಯುವವರಿಲ್ಲ, ಹೆದರಿಸುವವರಿಲ್ಲ. ಗುಣ ಕಂಡದ್ದಕ್ಕೆ ಈ ಆಸರೆಯ ವಾತಾವರಣವೇ ಕಾರಣ ಇರಬೇಕು ಅನ್ನುವುದು ಸಂಶೋಧಕರ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 31 ಜನ ಅಂದರೆ ಸಣ್ಣ ಗುಂಪು. ಇದನ್ನು ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ.

ಇದೇ ತಮಿಳುನಾಡಿನಲ್ಲಿ, ಆ ವರದಿ ಪ್ರಕಟವಾಗುವ ಒಂದು ವರ್ಷ ಮೊದಲು, ಎರವಾಡಿ ದುರಂತ ನಡೆಯಿತು. ರಾಮನಾಥಪುರಂ ಜಿಲ್ಲೆಯ ಎರವಾಡಿಯಲ್ಲಿ ಹೆಸರಾಂತ ದರ್ಗಾ ಇದೆ. ಅದರ ಸುತ್ತಮುತ್ತ ಖಾಸಗಿಯವರು ನಡೆಸುವ ಆಶ್ರಯಗಳು ಹುಟ್ಟಿಕೊಂಡಿದ್ದವು. ದೂರದ ಊರುಗಳಿಂದ ಮನೆಯವರು ರೋಗಿಯನ್ನು ತಂದು ಬಿಡುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಆಶ್ರಯಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು, ಓಡಲಾಗಲಿಲ್ಲ. 28 ಜನ ಸತ್ತರು.

ಎರಡೂ ಕಡೆ ದೇವರನ್ನು ನಂಬಿಯೇ ಜನ ಬಂದದ್ದು. ಗುಡಿಯಲ್ಲಿ ಮನೆಯವರು ಜೊತೆಗೇ ಉಳಿದರು. ಎರವಾಡಿಯಲ್ಲಿ ಎಷ್ಟೋ ಜನರನ್ನು ಬಿಟ್ಟುಹೋಗಿದ್ದರು. ನನಗೆ ಮುಖ್ಯವಾಗಿ ಕಾಣುವುದು ಈ ವ್ಯತ್ಯಾಸ. ಬಿಟ್ಟುಹೋದವರನ್ನು ಕಲ್ಲುಮನಸ್ಸಿನವರು ಅನ್ನುವುದು ಸುಲಭ. ಅವರ ಊರಿನ ಹತ್ತಿರ ಒಬ್ಬ ಮನೋವೈದ್ಯ ಇದ್ದಿದ್ದರೆ ಅಷ್ಟು ದೂರ ಯಾಕೆ ಬರುತ್ತಿದ್ದರು?

ಈಗ ನಂಬಿಕೆಯ ವಿಷಯ. ಉಡುಪಿ ಕಡೆಯ ಕೋಟ ಊರನ್ನು ನೀವು ಕೇಳಿರುತ್ತೀರಿ. ಸುಮಾರು ಐವತ್ತು ವರ್ಷಗಳ ಹಿಂದೆ ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಮಾರಿಸ್ ಕಾರ್ಸ್ಟೇರ್ಸ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಲ್ಲಿ ಮನಸ್ಸಿನ ಕಾಯಿಲೆಗಳ ಅಧ್ಯಯನ ಮಾಡಿದರು. ಊರಿನಲ್ಲಿ ವೈದ್ಯರಿದ್ದರು, ಮಂತ್ರವಾದಿಗಳಿದ್ದರು, ಮೈಮೇಲೆ ದರ್ಶನ ಬರುವ ಪಾತ್ರಿಗಳಿದ್ದರು. ಜನ ಪಾತ್ರಿಯ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ಇವತ್ತಿಗೂ ನಮ್ಮಲ್ಲಿ ಇದು ಹೀಗೇ ಇದೆ. ಜನರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ವಿರೋಧ ಕಾಣುವುದು ಓದಿದ ನಮಗೆ.

ಹಾಗಾಗಿ "ಇಲ್ಲಿಗೆ ಬರುವ ಮುಂಚೆ ಎಲ್ಲೆಲ್ಲಿ ಹೋಗಿಬಂದಿರಿ? ಹರಕೆ ಏನಾದರೂ ಇದೆಯಾ?" ಅಂತ ಕೇಳುವ ಸಮಾಲೋಚಕರು ನನಗೆ ಇಷ್ಟ. ಕೇಳುವ ದನಿಯಲ್ಲಿ ಗೇಲಿ ಇರಬಾರದು ಅಷ್ಟೇ. ಗೇಲಿ ಕಂಡ ತಕ್ಷಣ ಮನೆಯವರು ಅರ್ಧ ವಿಷಯ ಮುಚ್ಚಿಡುತ್ತಾರೆ, ಮುಂದಿನ ಸಲ ಬರುವುದೇ ಇಲ್ಲ. ಹರಕೆ ತೀರಿಸಿ, ಮಾತ್ರೆಯನ್ನೂ ತಗೊಳ್ಳಿ ಅಂದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಗಾಳಿ ಬಿಡಿಸುತ್ತೇವೆ ಅಂತ ಹೊಡೆಯುವುದು, ಬರೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಇದ್ದರೆ ಅಲ್ಲಿ ಸಂಸ್ಕೃತಿಯ ಮಾತು ಎತ್ತಬಾರದು. ಭೂತ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದರ ವಿರುದ್ಧ ಕರ್ನಾಟಕದಲ್ಲಿ ಪ್ರತ್ಯೇಕ ಕಾನೂನೇ ಇದೆ, 2020ರಿಂದ ಜಾರಿಯಲ್ಲಿದೆ. ಮಾನಸಿಕ ಕಾಯಿಲೆ ಇರುವವರಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಮತ್ತೆ ನಮ್ಮ ಆ ಹುಡುಗಿಯ ಹತ್ತಿರ ಬರೋಣ. ಅವಳಿಗೆ ಇಪ್ಪತ್ತು ವರ್ಷ, ಡಿಗ್ರಿ ಓದುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಾಗ ಮೆಲ್ಲಗೆ ಬಾಯಿಬಿಡುತ್ತಾಳೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಅವಳಿಗೆ ಈಗಲೇ ಮದುವೆ ಬೇಡ, ಹೇಳುವ ಧೈರ್ಯ ಇಲ್ಲ. ಹೊರಗೆ ಬಂದರೆ ಅಮ್ಮ ಕಾಯುತ್ತಿರುತ್ತಾರೆ. "ಏನಂದ್ಲು ಮೇಡಂ? ನಾವೇ ಹೆತ್ತೋರು, ನಮ್ಮ ಹತ್ರ ಮುಚ್ಚಿಡೋದೇನಿದೆ?"

ಈ ಪ್ರಶ್ನೆಯಲ್ಲಿ ಕೆಟ್ಟತನ ಇಲ್ಲ. ಆ ತಾಯಿ ಬಸ್ ಚಾರ್ಜಿಗೆ ದುಡ್ಡು ಹೊಂದಿಸಿಕೊಂಡು, ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಆದರೂ ಹೇಳುವಂತಿಲ್ಲ. ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕು ಅನ್ನುವುದು ಅದೇ 2017ರ ಕಾಯ್ದೆ ಕೊಟ್ಟ ಹಕ್ಕು. "ಕಾನೂನಿನ ಪ್ರಕಾರ ಹೇಳುವಂತಿಲ್ಲ" ಅಂತ ಅಮ್ಮನ ಮುಖಕ್ಕೆ ಹೇಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮನೆಗೆ ಹೋದ ಮೇಲೆ ಹುಡುಗಿಗೆ ರಾತ್ರಿಯೆಲ್ಲ ವಿಚಾರಣೆ.

ಅನುಭವ ಇರುವ ಸಮಾಲೋಚಕರು ಇದಕ್ಕೆ ಮೊದಲೇ ದಾರಿ ಮಾಡಿಕೊಳ್ಳುತ್ತಾರೆ. ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸುವುದು. ಮಾವ ಮಾತಾಡಲಿ, ಬಿಡಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಯಾರ ಮುಖ ನೋಡಿ ಸುಮ್ನಾಗುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎಲ್ಲರ ಎದುರಿಗೇ ಹೇಳುವುದು: "ಈಗ ಇವಳ ಜೊತೆ ಸ್ವಲ್ಪ ಹೊತ್ತು ಮಾತಾಡ್ತೀನಿ. ಇವಳು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಜೀವಕ್ಕೆ ಅಪಾಯ ಅನ್ನೋ ವಿಷಯ ಇದ್ರೆ ಮಾತ್ರ ನಿಮಗೆ ತಿಳಿಸ್ತೀನಿ, ಅದೂ ಇವಳಿಗೆ ಹೇಳಿಯೇ." ಒಳಗಿನ ಮಾತು ಮುಗಿಯುವಾಗ ಹುಡುಗಿಯನ್ನು ಕೇಳುವುದು, "ಅಮ್ಮನಿಗೆ ಏನು ಹೇಳಲಿ? ನೀನೇ ಹೇಳ್ತೀಯಾ, ನಾನು ಜೊತೆಗೆ ಇರ್ಲಾ?" ಎಷ್ಟೋ ಸಲ ಅವಳಿಗೆ ಬೇಕಾಗಿರುವುದು ಪಕ್ಕದಲ್ಲಿ ಒಬ್ಬರು ಕೂತಿರುವುದು. ಅಮ್ಮನಿಗೂ ಬರಿಗೈಯಲ್ಲಿ ಹೋಗುತ್ತಿದ್ದೇನೆ ಅನ್ನಿಸಬಾರದು. "ಒಂದು ವಾರ ಓದು ಅಂತ ಒತ್ತಾಯ ಮಾಡಬೇಡಿ, ರಾತ್ರಿ ಹತ್ತಕ್ಕೆ ಮಲಗೋ ಹಾಗೆ ನೋಡ್ಕೊಳ್ಳಿ" ಅಂತ ಒಂದು ಕೆಲಸ ವಹಿಸಿದರೆ ಅವರೂ ಚಿಕಿತ್ಸೆಯ ಪಾಲುದಾರರು.

ಮದುವೆ ಅಂದೆ. ನಮ್ಮಲ್ಲಿ ಸಮಾಲೋಚಕರನ್ನು ಕಷ್ಟಕ್ಕೆ ಸಿಲುಕಿಸುವ ಪ್ರಶ್ನೆಗಳಲ್ಲಿ ಇದು ದೊಡ್ಡದು. "ಮದುವೆ ಮಾಡಿದ್ರೆ ಸರಿಹೋಗ್ತಾನಾ ಡಾಕ್ಟ್ರೇ?" ಇದಕ್ಕೆ ಉತ್ತರ ನೇರವಾಗಿಯೇ ಕೊಡಬೇಕು: ಮದುವೆ ಯಾವ ಮಾನಸಿಕ ಕಾಯಿಲೆಗೂ ಔಷಧಿಯಲ್ಲ. ಕಾಯಿಲೆ ಹತೋಟಿಯಲ್ಲಿರುವವರು ಚೆನ್ನಾಗಿ ಸಂಸಾರ ಮಾಡಿಕೊಂಡಿರುವುದೂ ಅಷ್ಟೇ ನಿಜ. ಕಷ್ಟ ಬರುವುದು ಮುಚ್ಚಿಟ್ಟಾಗ. ಹೊಸ ಮನೆಯಲ್ಲಿ ಮಾತ್ರೆ ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿ ಮದುಮಗಳು ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ಇದೆ. ಆಗ ಜಗಳ, ತವರಿಗೆ ವಾಪಸ್ಸು, ಕೋರ್ಟು. ಸಮಾಲೋಚಕರು ಬೀಗರ ಮನೆಗೆ ಫೋನ್ ಮಾಡಿ ಹೇಳುವ ಹಾಗಿಲ್ಲ, ಏನೂ ಇಲ್ಲ ಅಂತ ಸುಳ್ಳು ಚೀಟಿ ಬರೆದುಕೊಡುವ ಹಾಗೂ ಇಲ್ಲ. ಯಾವಾಗ, ಯಾರಿಗೆ, ಎಷ್ಟು ಹೇಳುವುದು ಅಂತ ಆ ಹುಡುಗಿ ಅಥವಾ ಹುಡುಗನ ಜೊತೆ ಕೂತು ಯೋಚಿಸಬಹುದು. ಬೇಕಾದರೆ ಮದುವೆಯಾಗಲಿರುವ ಇಬ್ಬರನ್ನೂ ಕರೆಸಿ ಕಾಯಿಲೆಯ ಬಗ್ಗೆ ತಿಳಿಸಿ ಹೇಳಬಹುದು. ಇದಕ್ಕೆ ಅಚ್ಚುಕಟ್ಟಾದ ಉತ್ತರ ನನ್ನ ಹತ್ತಿರ ಇಲ್ಲ.

ಕೆಲವು ಮನೆಗಳಲ್ಲಿ ಕಷ್ಟದ ಮೂಲವೇ ಮನೆಯವರು. ಗಂಡ ಹೊಡೆಯುತ್ತಾನೆ, ಅವನೇ ಜೊತೆಯಲ್ಲಿ ಬಂದು "ಇವಳಿಗೆ ತಲೆ ಸರಿಯಿಲ್ಲ" ಅನ್ನುತ್ತಾನೆ. ಇಂಥ ಹೆಣ್ಣುಮಕ್ಕಳಿಗೆ ಅದೇ 2017ರ ಕಾಯ್ದೆಯಲ್ಲಿ ಒಂದು ಒಳ್ಳೆಯ ಅನುಕೂಲ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ವಯಸ್ಕರು ತಮ್ಮ ಪರವಾಗಿ ನಿಲ್ಲುವ ಒಬ್ಬ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಅದು ಗಂಡನೇ ಆಗಬೇಕು, ಅಪ್ಪನೇ ಆಗಬೇಕು ಅಂತಿಲ್ಲ. ಅಕ್ಕ ಆಗಬಹುದು, ಗೆಳತಿಯೂ ಆಗಬಹುದು. ಆರಿಸಿದವರು ವಯಸ್ಕರಾಗಿರಬೇಕು, ಒಪ್ಪಿಕೊಂಡಿರಬೇಕು.

ಇನ್ನೊಂದು ವಿಷಯವೂ ಜನಕ್ಕೆ ತಲುಪಿಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರನ್ನು ಕರೆತಂದಾಗ ಮನೆಯವರು ಪೊಲೀಸ್ ಕೇಸಿಗೆ ಹೆದರಿ, ಗೊತ್ತಿಲ್ಲದೆ ಕುಡಿದುಬಿಟ್ಟ ಅನ್ನುತ್ತಾರೆ. ಇದೇ ಕಾಯ್ದೆಯ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಜವಾಬ್ದಾರಿ. ನಿಜ ಹೇಳಿದರೆ ಚಿಕಿತ್ಸೆಗೆ ಅನುಕೂಲ.

ಸಮಾಲೋಚಕರನ್ನು ಆರಿಸುವ ಬಗ್ಗೆ ಒಂದೆರಡು ಮಾತು. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು ಅಂತ ಕೇಳಲು ಸಂಕೋಚ ಬೇಡ. ಮೂರೇ ಸಲಕ್ಕೆ ಗುಣಪಡಿಸುತ್ತೇನೆ ಅನ್ನುವವರು, ಬೇರೆ ರೋಗಿಗಳ ಕಥೆಯನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರು, ನಿಮ್ಮ ಜಾತಿ ಕೇಳಿ ಮುಖಭಾವ ಬದಲಾಯಿಸುವವರು ಸಿಕ್ಕರೆ ಎದ್ದು ಬನ್ನಿ.

ಜೊತೆಯಲ್ಲಿ ಬಂದವರ ಬಗ್ಗೆ ಶುರು ಮಾಡಿದೆ, ಅವರನ್ನು ಯಾರು ಕೇಳುತ್ತಾರೆ ಅನ್ನುವುದನ್ನೂ ಹೇಳಬೇಕು. ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವ ಮಗನನ್ನು ವರ್ಷಗಟ್ಟಲೆ ನೋಡಿಕೊಂಡ ತಾಯಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. "ನಾನು ಸತ್ತ ಮೇಲೆ ಇವನ ಗತಿ ಏನು" ಅನ್ನುವ ಒಂದೇ ಯೋಚನೆ. ಎಲ್ಲರೂ ಮಗನಿಗೆ ನಿದ್ದೆ ಬರುತ್ತಾ ಅಂತ ಕೇಳುತ್ತಾರೆ. "ಅಮ್ಮಾ, ನಿಮಗೆ ನಿದ್ದೆ ಬರುತ್ತಾ?" ಅಂತ ಕೇಳಿದರೆ ಅಲ್ಲೇ ಕಣ್ಣಲ್ಲಿ ನೀರು ಬರುತ್ತದೆ. ಅವರ ರಕ್ತದೊತ್ತಡ ನೋಡಿ, ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕುವುದು ಹೇಗೆ ಅಂತ ತಿಳಿಸಿಕೊಡಿ, ತಿಂಗಳಲ್ಲಿ ಎರಡು ದಿನ ಮಗನನ್ನು ನೋಡಿಕೊಳ್ಳುವ ಇನ್ನೊಬ್ಬರು ಯಾರಿದ್ದಾರೆ ಅಂತ ಕುಟುಂಬದಲ್ಲಿ ಹುಡುಕಿ. ಇದು ಕೂಡ ಸಮಾಲೋಚನೆಯೇ.

ಹತ್ತಿರದಲ್ಲಿ ಯಾರೂ ಇಲ್ಲ ಅನ್ನುವವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಸೇವೆ. ನಂಬರ್ 14416. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ ಅನ್ನುವ ಹೆದರಿಕೆ ಇದ್ದರೆ ತೋಟದ ಕಡೆ ಹೋದಾಗ ಮಾಡಿ. ಕಷ್ಟದಲ್ಲಿರುವವರೇ ಕರೆ ಮಾಡಬೇಕು ಅಂತಿಲ್ಲ. ಅವರನ್ನು ನೋಡಿಕೊಂಡು ಸುಸ್ತಾದ ಅಮ್ಮ, ಅಣ್ಣ, ಹೆಂಡತಿ ಕೂಡ ಇದೇ ನಂಬರಿಗೆ ಮಾಡಬಹುದು.

ನಮಸ್ಕಾರ.