ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು?

ಕೇಳುಗರಿಗೆ ನಮಸ್ಕಾರ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು ಫೋನ್ ಮಾಡಿ "ಶುಕ್ರವಾರ ರಾತ್ರಿ ಹೊರಡ್ತೀನಿ" ಅಂದರೆ, ಅವಳು ದೇವನಹಳ್ಳಿಯಲ್ಲಿ ಇಳಿಯುವುದು ಯಾವಾಗ? ಎಲ್ಲೂ ನಿಲ್ಲದ ವಿಮಾನವಾದರೂ ಭಾನುವಾರ ನಸುಕಿಗೆ. ಶನಿವಾರ ಎಲ್ಲಿ ಹೋಯಿತು ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲು ದೂರ. ಗೋಡೆಯ ನಕಾಶೆ ನೋಡಿ ಇದನ್ನು ಅಳೆಯಬೇಡಿ. ಮಕ್ಕಳ ಗ್ಲೋಬ್ ತೆಗೆದುಕೊಂಡು ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಹೆಚ್ಚುಕಡಿಮೆ ಉತ್ತರಕ್ಕೇ ಏರಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಅಲಾಸ್ಕಾದ ಮೇಲೆ ಇಳಿಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರ್.

ವಿಮಾನ ಆ ದಾರದ ಮೇಲೇ ಹಾರುವುದಿಲ್ಲ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕುಸಿದರೆ ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಸುತ್ತು ಬಳಸುವುದೇ ಹೆಚ್ಚು. ಅದಕ್ಕಿಂತ ದೊಡ್ಡ ಕಾರಣ ಗಾಳಿ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದು ಗಂಟೆಗೆ 50 ಕಿಲೋಮೀಟರ್ ಸೇರಿಸಿದರೆ, 900ರ ವೇಗ 950 ಆಗಿ 14,000 ಕಿಲೋಮೀಟರಿಗೆ ಪೌಣೆ ಹದಿನೈದು ಗಂಟೆ. ಅದೇ ಗಾಳಿ ಎದುರಾದರೆ ಹದಿನಾರೂವರೆ ಗಂಟೆ. ಟಿಕೆಟ್ಟಿನಲ್ಲಿ ಬರೆದ ಅವಧಿಯಲ್ಲಿ ನೆಲದ ಮೇಲೆ ಉರುಳುವ ಹೊತ್ತೂ ಸೇರಿರುತ್ತದೆ. ಎದುರುಗಾಳಿ ತಪ್ಪಿಸಲು ಉದ್ದದ ದಾರಿಯನ್ನೇ ಹಿಡಿಯುವುದೂ ಉಂಟು.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗ ಆರಂಭಿಸಿದಾಗ, ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿನಿಂದ ತಂದರು. ದಾರಿ ಸುಮಾರು 16,000 ಕಿಲೋಮೀಟರ್, ಹಾರಾಟ ಸುಮಾರು 17 ಗಂಟೆ. ಮೆಚ್ಚಲೇಬೇಕಾದ ಕೆಲಸ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟದ್ದು 9ರ ರಾತ್ರಿ ಎಂಟೂವರೆಗೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಅಂದರೆ ವಿಮಾನ ಮೇಲೇಳುವಾಗಲೇ ಇಲ್ಲಿ 10ರ ಬೆಳಗಿನ ಹತ್ತು. ಅದಕ್ಕೆ 17 ಕೂಡಿಸಿದರೆ 11ರ ನಸುಕಿನ ಮೂರು. ಮಗಳ ಶನಿವಾರ ಕಳೆದುಹೋಗುವುದೂ ಹೀಗೆಯೇ: ಅರ್ಧಕ್ಕಿಂತ ಕಡಿಮೆ ಗಡಿಯಾರದಲ್ಲಿ, ಉಳಿದದ್ದು ಆಕಾಶದಲ್ಲಿ.

ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ಇಲ್ಲಿಂದ ಹೋಗುವಾಗ ಲೆಕ್ಕ ತಿರುಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದರೂ, ಇಳಿಯುವುದು ಅಲ್ಲಿಯ ಅದೇ ದಿನ ಸಂಜೆ ಐದೂವರೆಗೆ.

ಟಿಕೆಟ್ಟಿನ ವೇಳೆಗಳೆಲ್ಲ ಆಯಾ ಊರಿನವು. ಬೆಂಗಳೂರಿಗೆ ಬರುವ ಟಿಕೆಟ್ಟಿನಲ್ಲಿ ಇಳಿಯುವ ವೇಳೆಯ ಪಕ್ಕ ಸಣ್ಣದಾಗಿ +2 ಎಂದಿದ್ದರೆ ಹೊರಟ ತಾರೀಖಿಗೆ ಎರಡು ಕೂಡಿಸಿ. ನಸುಕಿನ ಮೂರಕ್ಕೆ ಇಳಿಯುವವರಿಗೆ ಟ್ಯಾಕ್ಸಿ ಹೇಳುವಾಗ, ಕಾರು ಮನೆ ಬಿಡಬೇಕಾದ್ದು ಅದರ ಹಿಂದಿನ ರಾತ್ರಿ ಎಂದು ಚಾಲಕರಿಗೆ ವಾರದ ಹೆಸರು ಹಿಡಿದೇ ತಿಳಿಸಿ.